ಸ ಮೇಲಿನ ಚುಕ್ಕಿ

ನಮ್ಮ ಹೊಸೂರಿನ ಪ್ರೆಸ್ಸಿಗೆ ಕಂಪ್ಯೂಟರ್ ಬಂದ ವರ್ಷ ಅಂಚೆಟ್ಟಿ ಕಡೆಯಿಂದ ಭಜನೆ ಮೇಷ್ಟ್ರೊಬ್ಬರು ಬರುತ್ತಿದ್ದರು. ತೀರಿಹೋದ ಗುರು ಕಲಿಸಿದ ಭಜನೆಗಳನ್ನು ಸ್ವರದ ಸಮೇತ ಅಚ್ಚು ಹಾಕಿಸಬೇಕಿತ್ತು. ಆ ಧಾಟಿ ಬಲ್ಲವರು ಅವರೊಬ್ಬರೇ ಉಳಿದಿದ್ದರು. ಕೂತರೂ ಎದ್ದರೂ ಒಂದೇ ಮಾತು: "ಒಂದು ಚುಕ್ಕಿನೂ ಆಚೀಚೆ ಆಗ್ಬಾರ್ದು ಕಣ್ಲಾ." ಸ, ರಿ, ಗ ಅಕ್ಷರಗಳ ಮೇಲೆ ಚುಕ್ಕಿ ಇದ್ದರೆ ಸ್ವರ ಮೇಲಕ್ಕೆ ಹೋಗಬೇಕು, ಅಷ್ಟೇ.

ಓನರ್ ಕಂಪ್ಯೂಟರಿಗೆ ಪೂಜೆ ಮಾಡಿ, ಪರದೆಗೂ ಗಂಧ ಇಟ್ಟು, ಸ್ವರ ಜೋಡಿಸುವ ಸಾಫ್ಟ್‌ವೇರನ್ನು ಫ್ಲಾಪಿಯಿಂದ ಹಾಕಿದರು. ಗುರು ಬರೆಸಿದ್ದ ಪುಸ್ತಕ ನೋಡಿಕೊಂಡು ಮೊದಲ ಭಜನೆಯನ್ನು ನಾನು ಕೀ ಒತ್ತಿ ತೋರಿಸಿದೆ. ಮೇಷ್ಟ್ರು ತೊಡೆ ತಟ್ಟುತ್ತಾ ಪರದೆ ನೋಡಿಕೊಂಡು ಹಾಡಿದರು. ಒಂದು ಕಡೆ ಗಂಟಲು ಮೇಲೇರಿತು, ತಟ್ಟುವ ಕೈ ನಿಂತಿತು.

"ಈ ಸ ಮೇಲೆ ಚುಕ್ಕಿ ಇಟ್ಟೋನು ಯಾವನ್ಲಾ?"

ಆ ಅಕ್ಷರ ಅಳಿಸಿ ಮತ್ತೆ ಒತ್ತಿದೆ. ಚುಕ್ಕಿ ಹೋಗಲಿಲ್ಲ.

"ಸಾಫ್ಟ್‌ವೇರ್ ನೆಟ್ಟಗೆ ಕುಂತಿಲ್ಲ ಮೇಷ್ಟ್ರೇ" ಎಂದು ಓನರ್ ಫ್ಲಾಪಿಗಳನ್ನೆಲ್ಲಾ ಮತ್ತೆ ಹಾಕಿದರು. ಚುಕ್ಕಿ ಅಲ್ಲೇ ಇತ್ತು.

"ಇದೇ ಕಣ್ಲಾ, ಕಣ್ ಕಾಣಲ್ವಾ?" ಎಂದು ಮೇಷ್ಟ್ರು ಪರದೆಯನ್ನೇ ಒತ್ತಿದರು. ಚುಕ್ಕಿ ಬೆರಳಿಗೆ ಬಂತು. ಮೂಸಿದರು.

"ಗಂಧ."

ಓನರ್ ನಕ್ಕರು. ಮೇಷ್ಟ್ರು ನಗಲಿಲ್ಲ. ಚುಕ್ಕಿಯಿಲ್ಲದ ಸಾಲನ್ನು ಹಾಡಿದರು. ಇನ್ನೊಂದು ಸಲ ಹಾಡಿದರು. ಎರಡು ಸಲವೂ ಗಂಟಲು ಅಲ್ಲೇ ಮೇಲೇರಿತು. ಬೆರಳನ್ನು ಹಣೆಗೆ ಒರೆಸಿಕೊಂಡರು.

"ಹಾಕ್ಬುಡ್ಲಾ ಅಲ್ಲೊಂದು ಚುಕ್ಕಿ" ಎಂದರು. "ಮೇಲಕ್ಕೋದಾಗ ಗುರುಗಳಿಗೆ ನಾನೇ ಹೇಳ್ಕೋತೀನಿ."