ಮೂರು ಬೆರಳು ಎಡಕ್ಕೆ

ಪಂಪಕ್ಕನ ಬಲಗೈ ಮೊಣಕೈಯಿಂದ ಕೆಳಗೆ ಹೊರಕ್ಕೆ ತಿರುಗಿದೆ. ಮೊದಲ ಸಲ ನೋಡಿದವರು ಅವಳು ಯಾರಿಗೋ ದಾರಿ ತೋರಿಸುತ್ತಿದ್ದಾಳೆಂದು ಆ ಕಡೆ ತಿರುಗಿ ನೋಡುವುದುಂಟು. ನೋಡಲಿ ಬಿಡಿ, ಅದಕ್ಕೆಲ್ಲ ಅವಳಿಗೆ ಬೇಜಾರಿಲ್ಲ. ಆ ಕೈಯನ್ನು ನೆಟ್ಟಗೆ ಮಾಡಲು ಬಂದವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಊರಿಗೆ ನೀರೇರಿಸುವ ಪಂಪ್‌ಹೌಸಿನಲ್ಲಿ ಅವಳದು ಮೂವತ್ತೊಂದು ವರ್ಷದ ಕೆಲಸ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಯುವವರಿಗೂ ಅವಳು ಪಂಪಕ್ಕನೇ. ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ ಎರಡನೇ ನಂಬರ್ ಪಂಪಿನ ಬೆಲ್ಟು ಅವಳ ಅಂಗಿಯ ತೋಳನ್ನು ಎಳೆದುಕೊಂಡು ಕೈ ಎರಡು ಕಡೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಆದರೆ ತನ್ನಿಷ್ಟದ ದಿಕ್ಕಿನಲ್ಲಿ ಕೂಡಿತ್ತು. ಮತ್ತೆ ಮುರಿದು ಸರಿಯಾಗಿ ಕೂರಿಸೋಣ ಎಂದರು ಡಾಕ್ಟರು. "ಮುರಿಯೋ ಕೆಲಸ ಪಂಪೇ ಮಾಡಿ ಮುಗಿಸಿದೆ ಸಾರ್, ನೀವ್ಯಾಕೆ ಕಷ್ಟಪಡ್ತೀರಿ" ಎಂದು ಹೇಳಿ ಪಂಪಕ್ಕ ಮನೆಗೆ ಬಂದುಬಿಟ್ಟಳು. ಮರುವಾರ ಅದೇ ಕೈಯಲ್ಲಿ ಅದೇ ಪಂಪನ್ನು ಚಾಲೂ ಮಾಡಿದಳು.

ಆ ವರ್ಷವೇ ನಿವೃತ್ತರಾದ ಇಂಜಿನಿಯರೊಬ್ಬರು ಹೋಗುವ ಮುಂಚೆ ತಮ್ಮ ಗಾಳದ ಕೋಲನ್ನು ಅವಳಿಗೆ ಕೊಟ್ಟರು. ಕೈಗೆ ಕಸರತ್ತಾಗುತ್ತೆ, ಇಟ್ಟುಕೋ ಎಂದರು. ಬಿದಿರನ್ನು ಆರು ಸೀಳು ಮಾಡಿ, ಹೆರೆದು, ಮತ್ತೆ ಒಂದಾಗಿ ಅಂಟಿಸಿದ ಎಂಟಡಿಯ ಕೋಲು; ಎರಡು ತುಂಡು, ನಡುವೆ ಹಿತ್ತಾಳೆಯ ಕೊಳವೆ. ಎರೆಹುಳ ಚುಚ್ಚಿ ದಂಡೆಯಲ್ಲಿ ತೂಕಡಿಸುತ್ತ ಕೂರುವ ಗಾಳವಲ್ಲ ಇದು. ಪುಕ್ಕಕ್ಕೆ ನೂಲು ಸುತ್ತಿ ಮಾಡಿದ ಹುಸಿನೊಣ ಇದರ ತುದಿಗೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದಪ್ಪ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ಬೀಸಿನ ಬಲದಲ್ಲೇ ನೊಣವನ್ನು ಮೀನಿನ ಮೂಗಿನ ಮುಂದೆ ಇಳಿಸಬೇಕು. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಪಂಪಕ್ಕ ಗಾಳ ಬಿಡಿಸಿ ವಾಪಸ್ ನೀರಿಗೆ ಬಿಡುತ್ತಾಳೆ.

"ಬಿಡೋದಾದ್ರೆ ಹಿಡಿಯೋದ್ಯಾಕಕ್ಕಾ?" ಎಂದು ಅವಳ ತಮ್ಮ ಒಮ್ಮೆ ಕೇಳಿದ್ದ.

"ನೀನು ದಿನಾ ಅರ್ಧ ಗಂಟೆ ಕನ್ನಡಿ ಮುಂದೆ ನಿಂತ್ಕೋತೀಯಲ್ಲ, ಏನಾದ್ರೂ ಸಿಕ್ತಾ?"

ತಮ್ಮ ಮತ್ತೆ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ಅವನು ಬೆತ್ತದ ಕುರ್ಚಿ ಹೆಣೆಯುವವನು. ಹೆಂಡತಿ ತೀರಿಹೋದ ಮೇಲೆ ಅಕ್ಕನ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದ. ಅಕ್ಕನೆಂದರೆ ಪ್ರಾಣ; ಅದೇ ಆಮೇಲೆ ತೊಂದರೆಗೂ ಕಾರಣವಾಯಿತು.

ಮೊದಲ ವರ್ಷ ಪಂಪಕ್ಕ ಬೀಸಿದ ದಾರವೆಲ್ಲ ಬಲಕ್ಕೇ ಬೀಳುತ್ತಿತ್ತು. ಕೈ ಹೋದ ಕಡೆ ಕೋಲು, ಕೋಲು ಹೋದ ಕಡೆ ದಾರ. ಕೈಯಂತೂ ಬದಲಾಗುವುದಿಲ್ಲ. ಬದಲಾದದ್ದು ಕೋಲು. ಒಂದೇ ಕೈ ಒಂದೇ ರೀತಿಯಲ್ಲಿ ಸಾವಿರಾರು ಸಲ ಎಳೆದಾಡಿದ ಮೇಲೆ ಬಿದಿರು ನಿಧಾನವಾಗಿ ಎಡಕ್ಕೆ ಬಾಗಿ ಹಾಗೇ ನಿಂತಿತು. ಬುಡದಿಂದ ಕಣ್ಣು ಹಾಯಿಸಿದರೆ ತುದಿ ಮೂರು ಬೆರಳಷ್ಟು ಎಡಕ್ಕೆ. ಕೈ ಬಲಕ್ಕೆ, ಕೋಲು ಎಡಕ್ಕೆ, ದಾರ ಮಾತ್ರ ಸೂಜಿಗೆ ಪೋಣಿಸಿದ ಹಾಗೆ ನೇರ. ಬಿದಿರು ಕೋಲಿನವರು ಸಾಮಾನ್ಯವಾಗಿ ಇಂಥ ಬಾಗು ಕಂಡರೆ ಮಗುವಿಗೆ ಜ್ವರ ಬಂದವರಂತೆ ಗಾಬರಿ ಬೀಳುತ್ತಾರೆ. ಕೆಲಸ ಮುಗಿದ ಮೇಲೆ ಕೋಲನ್ನು ಬಿಚ್ಚಿ, ಒರೆಸಿ, ಚೀಲದಲ್ಲಿ ನೇತುಹಾಕುತ್ತಾರೆ. ಪಂಪಕ್ಕ ಬಿಚ್ಚುವುದೂ ಇಲ್ಲ. ನಡುಮನೆಯ ಗೋಡೆಗೆ ಹೊಡೆದ ಮೂರು ಮೊಳೆಗಳ ಮೇಲೆ ಉದ್ದಕ್ಕೆ ಮಲಗಿಸುತ್ತಾಳೆ, ಅಷ್ಟೇ. ಎಂಟು ವರ್ಷದ ಹಿಂದೆ ಮನೆಗೆ ಬಣ್ಣ ಬಳಿಯುವಾಗಲೂ ಅದನ್ನು ತೆಗೆಯಲಿಲ್ಲ. ಕೋಲಿನ ಅಂಚಿಗೇ ಬ್ರಶ್ ಎಳೆದು ಮುಗಿಸಿದಳು. ಹಾಗಾಗಿ ಕೋಲು ಎತ್ತಿದರೆ ಕೆನೆಬಣ್ಣದ ಗೋಡೆಯಲ್ಲಿ ಹಳೆಯ ನೀಲಿಯ ಒಂದು ಉದ್ದನೆಯ ಪಟ್ಟಿ, ಅದೇ ಬಾಗಿನ ಸಮೇತ ಕಾಣುತ್ತದೆ. ಬಂದವರೆಲ್ಲ ನಗುತ್ತಾರೆ. ನಕ್ಕವರಿಗೆ ಅವಳು ಟೀ ಕೊಡುತ್ತಾಳೆ, ಉತ್ತರ ಕೊಡುವುದಿಲ್ಲ.

ಪಂಪ್‌ಹೌಸಿನ ಮೇಲ್ಗಡೆ ನದಿ ಬಂಡೆಗೆ ಬಡಿದು ತಿರುಗುವಲ್ಲಿ ಒಂದು ಮಡುವಿದೆ. ಹಗಲು ಪಾಳಿ ಮುಗಿಸಿ, ಪಂಪಿನ ಸದ್ದು ಕಿವಿಯಿಂದ ಇಳಿಯುವವರೆಗೆ ಅಲ್ಲಿ ನಿಂತು ಬೀಸುವುದು ಪಂಪಕ್ಕನ ಇಪ್ಪತ್ತೆರಡು ವರ್ಷದ ರೂಢಿ. ಅದಿಲ್ಲದ ದಿನ ಅವಳಿಗೆ ಊಟ ರುಚಿಸದು, ಮಾತು ನೆಟ್ಟಗೆ ಬಾರದು. ಈಚೆಗೆ ಆ ದಂಡೆಯನ್ನು ಗಾಳದವರ ಸಂಘವೊಂದು ವಹಿಸಿಕೊಂಡಿತು. ಅದೂ ಸುಮ್ಮನೆ ಅಲ್ಲ. ದಂಡೆಯ ದಾರಿಯಲ್ಲಿ ಓಡುತ್ತಿದ್ದ ಗುಮಾಸ್ತರೊಬ್ಬರ ಕಿವಿಗೆ ಯಾರದೋ ಗಾಳ ಕಚ್ಚಿಕೊಂಡಿತ್ತು. ಅವರು ಕಿವಿಯಲ್ಲಿ ಹಳದಿ ಹುಸಿನೊಣ ಸಿಕ್ಕಿಸಿಕೊಂಡೇ, ಮದುವೆಗೆ ಹೊರಟವರಂತೆ, ಬಸ್ಸಿನಲ್ಲಿ ಆಸ್ಪತ್ರೆಗೆ ಹೋದದ್ದನ್ನು ಊರೇ ನೋಡಿತ್ತು.

ಸಂಘದ ಕಾರ್ಯದರ್ಶಿ ಕನ್ನಡಕದಂಗಡಿಯ ಯಜಮಾನರು. ಒಳ್ಳೆಯ ಮನುಷ್ಯ, ಆದರೆ ನಿಯಮವೆಂದರೆ ನಿಯಮ. ಮಡುವಿಗೆ ಬರುವವರೆಲ್ಲ ತುಂಬಿ ಕೊಡಬೇಕೆಂದು ಅವರು ಹಂಚಿದ ಅರ್ಜಿಯಲ್ಲಿ ನಿಯಮದ ಎರಡು ಸಾಲಿತ್ತು. ಒಂದು, ಹದಿನೈದು ಹೆಜ್ಜೆ ದೂರದಲ್ಲಿ ತೇಲಿಬಿಟ್ಟ ಸೈಕಲ್ ಟೈರಿನೊಳಗೆ ಐದರಲ್ಲಿ ಮೂರು ಸಲ ನೊಣ ಬೀಳಬೇಕು. ಎರಡು, ಕೋಲು ಬಿರುಕಿಲ್ಲದೆ ನೇರವಾಗಿರಬೇಕು. ಎರಡೂ ಆದವರಿಗೆ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇಲ್ಲದವರು ಮಡುವಿನ ಹತ್ತಿರ ಸುಳಿಯುವಂತಿಲ್ಲ.

ಪಂಪಕ್ಕ ಮೊದಲ ಸಾಲನ್ನು ಮಾತ್ರ ಓದಿ, ಅರ್ಜಿಯನ್ನು ಗಡಿಯಾರದ ಕೆಳಗೆ ಸಿಕ್ಕಿಸಿ ಮರೆತಳು. ಎರಡನೇ ಸಾಲನ್ನು ತಮ್ಮ ಓದಿದ.

ಪರೀಕ್ಷೆ ಭಾನುವಾರವಿತ್ತು. ಗುರುವಾರ ಅಕ್ಕ ಪಾಳಿಗೆ ಹೋದದ್ದೇ ತಡ, ತಮ್ಮ ಕೋಲನ್ನು ಮೊಳೆಯಿಂದ ಇಳಿಸಿದ. ಬೆತ್ತ ಬಗ್ಗಿಸಿ ಬದುಕಿದ ಕೈ ಅವನದು. ಆವಿ ಹಿಡಿದರೆ ಅಂಟು ಬಿಡುತ್ತದೆಂದು ಗೊತ್ತಿದ್ದರಿಂದ ಕರೆಂಟಿನ ಒಲೆಯ ಮೇಲೆ ಒಣ ಶಾಖ ಕೊಟ್ಟ. ಒಂದೊಂದೇ ಗೇಣು ಕಾಯಿಸಿ, ಒತ್ತಿ, ಆರಿಸಿ, ಸಂಜೆಯ ಹೊತ್ತಿಗೆ ಕೋಲನ್ನು ಬಾಣದ ಹಾಗೆ ಮಾಡಿಟ್ಟ. ವಾರ್ನಿಶ್ ಕೂಡ ಒರೆಸಿ ಹೊಳಪು ಬರಿಸಿದ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಪಂಪಕ್ಕನ ಕಣ್ಣು ಗೋಡೆಗೆ ಹೋಯಿತು. ನೀಲಿ ಪಟ್ಟಿ ಕೋಲಿನ ಹಿಂದಿನಿಂದ ಇಣುಕುತ್ತಿತ್ತು.

"ಏನೋ ಮಾಡಿದೆ ಇದಕ್ಕೆ?"

"ನೆಟ್ಟಗೆ ಮಾಡಿದೆ ಅಕ್ಕಾ! ಎಷ್ಟು ವರ್ಷದಿಂದ ಹಾಗೇ ಇತ್ತು. ಅರ್ಜೀಲಿ ಬರೆದಿದ್ದಾರೆ, ನೋಡ್ಲಿಲ್ವಾ ನೀನು?" ತಮ್ಮನ ಮುಖ ಊರಗಲವಾಗಿತ್ತು.

ಆ ಮುಖ ನೋಡಿ ಅವಳು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಶುಕ್ರವಾರ ಬೆಳಗ್ಗೆ ಪಾಳಿಗೆ ಮುಂಚೆ ಮಡುವಿಗೆ ಹೋಗಿ ಬೀಸಿದಳು. ನೊಣ ಬಲಗಡೆಯ ಪೊದೆಗೆ ಹೋಯಿತು. ಇನ್ನೊಮ್ಮೆ ಬೀಸಿದರೂ ಅದೇ ಪೊದೆ. ಹತ್ತು ಸಲ ಬೀಸಿ ನಾಲ್ಕು ನೊಣ ಕಳೆದುಕೊಂಡಳು. ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಬಾರದ ಅಳು ಅವತ್ತು ಬಂತು. ಸಿಟ್ಟಿನ ಅಳು ಅದು. ನೀರಿಗೆ ಕೈ ಅದ್ದಿ ಮುಖ ತೊಳೆದುಕೊಂಡು ಕೆಲಸಕ್ಕೆ ಹೋದಳು.

ಸಂಜೆ ಮನೆಗೆ ಬಂದವಳೇ ಕೋಲನ್ನು ತಮ್ಮನ ಮುಂದೆ ಹಿಡಿದಳು. "ಮೊದಲು ಹೇಗಿತ್ತೋ ಹಾಗೆ ಬಗ್ಗಿಸು."

ತಮ್ಮ ಕಣ್ಣುಕಣ್ಣು ಬಿಟ್ಟ. "ಬಗ್ಗಿಸಿದ್ರೆ ಅಲ್ಲಿ ತಗೊಳಲ್ಲ."

"ನೆಟ್ಟಗಿದ್ರೆ ನಂಗೆ ನೊಣ ಬೇಕಾದಲ್ಲಿ ಬೀಳಲ್ಲ."

"ಎರಡು ಗೇಣು ಎಡಕ್ಕೆ ಗುರಿ ಇಟ್ಕೊಂಡು ಬೀಸಕ್ಕಾ, ಸರಿಹೋಗುತ್ತೆ."

"ಬೇಕಾದ ಜಾಗ ಬಿಟ್ಟು ಬೇರೆ ಜಾಗ ನೋಡ್ಕೊಂಡು ಬೀಸಬೇಕಾ? ಕೈ ಹೀಗಾದಾಗ್ಲೂ ನಾನು ಹಾಗೆ ಬದುಕ್ಲಿಲ್ಲ ಕಣೋ. ನಂಗೆ ಬೇಕಾದ್ದನ್ನೇ ನೋಡ್ತೀನಿ, ಅಲ್ಲೇ ಬೀಳಬೇಕು."

"ಎರಡನೇ ಸಲ ಕಾಯಿಸಿದ್ರೆ ಬಿದಿರು ಲಟಕ್ ಅನ್ನಬಹುದು. ಆಮೇಲೆ ನನ್ನ ಅನ್ಬೇಡ." ಅವನ ದನಿ ಸಣ್ಣಗಾಗಿತ್ತು. ಒಳ್ಳೆಯದು ಮಾಡಹೋಗಿ ಏನು ಮಾಡಿಟ್ಟೆನೆಂದು ಈಗ ಅವನಿಗೆ ಹೊಳೆದಿತ್ತು.

"ಮುರಿದ್ರೆ ಮುರೀಲಿ. ನೆಟ್ಟಗಿಟ್ಕೊಂಡು ಗೋಡೆಗೆ ನೇತುಹಾಕೋಕೆ ನಂಗದು ಬೇಡ."

ಒಲೆ ಹೊತ್ತಿಸಿದರು. ಎಷ್ಟು ಬಗ್ಗಿಸಬೇಕು, ಎಲ್ಲಿಂದ ಬಗ್ಗಿಸಬೇಕು ಎಂಬುದಕ್ಕೆ ಅಳತೆ ಗೋಡೆಯಲ್ಲೇ ಇತ್ತು. ತಮ್ಮ ಒಂದು ಗೇಣು ಕಾಯಿಸಿ ಒತ್ತುವನು, ಅಕ್ಕ ಓಡಿಹೋಗಿ ಮೊಳೆಗಳ ಮೇಲಿಟ್ಟು ನೋಡುವಳು. "ಇನ್ನೂ ನೀಲಿ ಕಾಣ್ತಿದೆ." ಮತ್ತೆ ಒಲೆ. ಒಂದು ಸಲ ಬಿದಿರು ಸಣ್ಣಗೆ ಕಿರ್ರೆಂದಾಗ ತಮ್ಮ ಅದನ್ನು ಒಲೆಯಿಂದ ಎತ್ತಿ ಉದ್ದಕ್ಕೂ ಉಗುರಾಡಿಸಿ ನೋಡಿದ. ಏನೂ ಆಗಿರಲಿಲ್ಲ. ಕೊನೆಗೆ ಕೋಲು ನೀಲಿಯನ್ನು ಬುಡದಿಂದ ತುದಿವರೆಗೆ ಪೂರ್ತಿ ಮುಚ್ಚಿತು. ತಮ್ಮ ಬೆವರೊರೆಸಿಕೊಂಡು ಕೂತ. ಬಣ್ಣ ಬಳಿಯುವಾಗ ಅಕ್ಕನ ಸೋಮಾರಿತನವನ್ನು ಅತಿ ಹೆಚ್ಚು ಆಡಿಕೊಂಡು ನಕ್ಕವನು ಅವನೇ.

ಭಾನುವಾರ ಬೆಳಗ್ಗೆ ದಂಡೆಯ ಮರದ ಕೆಳಗೆ ಮೇಜು ಹಾಕಿಕೊಂಡು ಯಜಮಾನರು ಕೂತಿದ್ದರು. ಇಪ್ಪತ್ತು ಜನ ಸಾಲಿನಲ್ಲಿದ್ದರು. ಪಂಪಕ್ಕನ ಸರದಿ ಬಂದಾಗ ಅವರು ಅವಳ ಅರ್ಜಿಯನ್ನು ಕಟ್ಟಿನ ಮೇಲಿಟ್ಟು, ಕೋಲಿನ ಬುಡವನ್ನು ಕಣ್ಣಿಗೆ ಹಿಡಿದು, ಕನ್ನಡಕದ ಕಡ್ಡಿ ನೋಡುವ ಹಾಗೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ಅಮ್ಮಾ, ಇದು ಸೊಟ್ಟಗಿದೆಯಲ್ಲ."

"ಹೌದು ಸಾರ್. ಮೂರು ಬೆರಳು ಎಡಕ್ಕೆ."

"ಗೊತ್ತಿದ್ದೂ ತಂದಿದ್ದೀರಾ?"

"ಗೊತ್ತಿದ್ದೇ ತಂದಿದ್ದೀನಿ. ಮೊನ್ನೆ ನೆಟ್ಟಗಿತ್ತು, ನಾನೇ ಕೂತು ಸೊಟ್ಟ ಮಾಡಿಸಿದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ನಗಲಿಲ್ಲ. "ನಿಯಮ ಓದಿದ್ದೀರಿ ತಾನೇ? ಒಬ್ಬರ ಕಿವಿ ಹರಿದಿದೆಯಮ್ಮ. ನಾಳೆ ಕಣ್ಣಿಗೆ ಹೊಕ್ಕರೆ ಯಾರು ಹೊಣೆ? ಮುಂದಿನವರು ಬನ್ನಿ."

ಮುಂದಿನವರು ಬರಲು ಪಂಪಕ್ಕ ಜಾಗ ಬಿಟ್ಟರೆ ತಾನೇ. ಅವಳು ಅವರ ಕೈಯಿಂದ ಕೋಲನ್ನು ತೆಗೆದುಕೊಂಡಳು. "ಕಿವಿ ಹರಿದಿದ್ದು ಗಾಳ ಬಿದ್ದ ಜಾಗದಿಂದ, ಕೋಲಿನ ಆಕಾರದಿಂದಲ್ಲ. ಬೀಳೋ ಜಾಗ ನೋಡಿ. ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ" ಎಂದವಳೇ ಗುರುತಿನ ಕಲ್ಲಿನ ಮೇಲೆ ಹೋಗಿ ನಿಂತಳು.

ಅವಳು ಅಂಗಿಯ ತೋಳನ್ನು ಭುಜದವರೆಗೆ ಮಡಿಚಿದಳು. ಮೂವತ್ತೊಂದು ವರ್ಷ ಊರಿಗೆ ನೀರು ಕೊಟ್ಟ ಕೈ, ಬೇಕಾದವರು ನೋಡಿಕೊಳ್ಳಲಿ. ದಾರ ತಲೆಯ ಮೇಲೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ನೊಣ ಟೈರಿನ ನಟ್ಟನಡುವೆ ಇಳಿಯಿತು. ಎರಡನೆಯದೂ ಒಳಗೆ. ಮೂರನೆಯದು ಬೀಸುವಾಗ ಗಾಳಿ ಎದ್ದು ಒಂದು ಗೇಣು ಆಚೆ ಬಿತ್ತು. ಅವಳು ಹಲ್ಲು ಕಚ್ಚಿ ಗಾಳಿ ಇಳಿಯುವವರೆಗೆ ಕಾದಳು. ನಾಲ್ಕು, ಐದು, ಎರಡೂ ಒಳಗೆ.

ಯಜಮಾನರು ಪೆನ್ನು ತೆಗೆದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಆಯ್ತಮ್ಮ. ನಿಮ್ಮ ಕೈಯಲ್ಲಿ ಊನ ಇರೋದ್ರಿಂದ ವಿಶೇಷ ವಿನಾಯಿತಿ ಅಂತ ಬರೀತೀನಿ. ಬಿಲ್ಲೆ ತಗೊಳ್ಳಿ."

ಬಿಲ್ಲೆ ಮೇಜಿನ ಮೇಲೆ ಹೊಳೆಯುತ್ತಿತ್ತು. ಕೈ ಚಾಚಿದರೆ ಮಡು ಅವಳದು. ಹಿಂದೆ ನಿಂತ ತಮ್ಮ "ತಗೋ ಅಕ್ಕಾ, ತಗೋ" ಎಂದು ಪಿಸುಗುಟ್ಟಿದ. ಪಂಪಕ್ಕ ಕೈ ಚಾಚಲಿಲ್ಲ.

"ವಿನಾಯಿತಿ ಯಾಕೆ ಸಾರ್? ಐದರಲ್ಲಿ ನಾಲ್ಕು ಹಾಕಿದ್ದೀನಿ. ನಿಮ್ಮ ಕನ್ನಡಕ ಒಂದ್ನಿಮಿಷ ತೆಗೀರಿ."

"ಯಾಕೆ?"

"ತೆಗೀರಿ ಸಾರ್."

ಅವರು ತಮ್ಮ ದಪ್ಪ ಗಾಜಿನ ಕನ್ನಡಕ ತೆಗೆದರು.

"ಟೈರ್ ಕಾಣ್ತಿದೆಯಾ?"

ಅವರು ಕಣ್ಣು ಕಿರಿದು ಮಾಡಿದರು. "ಇಲ್ಲ."

"ನದಿ?"

"...ಬೆಳ್ಳಗೇನೋ ಕಾಣ್ತಿದೆ."

"ನಲವತ್ತು ವರ್ಷ ಅಂಗಡಿ ನಡೆಸಿದ್ದೀರಿ. ಯಾರ ಕಣ್ಣನ್ನಾದ್ರೂ ನೆಟ್ಟಗೆ ಮಾಡಿದ್ರಾ? ಗಾಜನ್ನ ಅವರವರ ಕಣ್ಣಿಗೆ ತಕ್ಕ ಹಾಗೆ ಬಾಗಿಸಿ ಕೊಟ್ರಿ. ನನ್ನ ಕೋಲೂ ಅಷ್ಟೇ. ನಿಮ್ಮ ಮೂಗಿನ ಮೇಲೆ ಅಷ್ಟು ದಪ್ಪ ಗಾಜಿಟ್ಕೊಂಡು ಇಲ್ಲಿ ಕೂತು ಪರೀಕ್ಷೆ ಮಾಡ್ತಿದ್ದೀರಲ್ಲ, ನಿಮಗೆ ಯಾರಾದ್ರೂ ವಿಶೇಷ ವಿನಾಯಿತಿ ಬರ್ಕೊಟ್ರಾ?"

ಯಜಮಾನರು ಕನ್ನಡಕವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಗಡಿಯಲ್ಲಿ ಸಾವಿರ ಸಲ ಮಾಡಿದ ಕೆಲಸ ಅದು. ಆದರೂ ಆ ಗಾಜನ್ನು ಅವತ್ತೇ ಕಂಡವರ ಹಾಗೆ ನೋಡಿದರು. ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಪಂಪಕ್ಕನ ಅರ್ಜಿ ತೆಗೆದು ಎರಡನೇ ಸಾಲಿನ ಮೇಲೆ ಗೀಟು ಎಳೆದು, ಬಿಲ್ಲೆಯನ್ನು ಮುಂದಕ್ಕೆ ತಳ್ಳಿದರು.

"ಈಗಲಾದ್ರೂ ತಗೋತೀರಾ?"

"ನಂದೊಂದ್ರಲ್ಲೇ ಆ ಸಾಲು ಹೊಡೆದ್ರೆ ಅದೂ ವಿನಾಯಿತಿಯೇ ಸಾರ್."

ಯಜಮಾನರು ಮೇಜಿನ ಮೇಲಿದ್ದ ಅರ್ಜಿಗಳ ಕಟ್ಟನ್ನೇ ಹತ್ತಿರಕ್ಕೆ ಎಳೆದುಕೊಂಡು ಒಂದೊಂದರಲ್ಲೂ ಅದೇ ಸಾಲನ್ನು ಹೊಡೆಯತೊಡಗಿದರು. ಸಾಲಿನಲ್ಲಿದ್ದವರು ಕಾದರು. ಮತ್ತೆ ಗಾಳಿ ಎದ್ದು ಹಾಳೆಗಳ ಅಂಚು ಪಟಪಟ ಅನ್ನತೊಡಗಿತು. ಅವು ಹಾರಿಹೋಗದಂತೆ ಪಂಪಕ್ಕ ತನ್ನ ಬಲಗೈಯನ್ನು ಕಟ್ಟಿನ ಮೇಲೆ ಊರಿ, ಕೊನೆಯ ಹಾಳೆ ಮುಗಿಯುವವರೆಗೆ ಅಲ್ಲೇ ನಿಂತಳು.