ಸಾರಿಸಿದ ನೆಲ

"ಅಮ್ಮಾ, ಇಲ್ಲಿ ಅಗಿಸ್ಬೇಡಿ. ಇದು ಸಾರ್ಸಿದ್ ನೆಲ, ಕಾಲಿಗೇ ಗೊತ್ತಾಗ್ತದೆ" ಎಂದು ಚೌಡಮ್ಮ ಪಿಕಾಸಿಯನ್ನು ಕೆಳಗಿಟ್ಟಳು. ಎಂಬತ್ತರ ದಶಕದ ಆರಂಭ. ಹೊಸನಗರದ ಹತ್ತಿರ ನಡೆಯುತ್ತಿದ್ದ ಉತ್ಖನನಕ್ಕೆ ವಿದ್ಯಾರ್ಥಿವೇತನ ಪಡೆದು ಬಂದಿದ್ದವಳು ನಾನು. ಅವಳು ಹುಂಚದ ಕಡೆಯಿಂದ ಕೂಲಿಗೆ ಬರುತ್ತಿದ್ದ ಹೆಂಗಸು. ನನ್ನ ಕಾಲಲ್ಲಿ ಬೂಟಿತ್ತು, ಅವಳದು ಬರಿಗಾಲು.

"ಅದನ್ನೇ ಓದಿ ಸ್ಕಾಲರ್‌ಶಿಪ್ ತಗೊಂಡು ಬಂದಿರೋದು ನಾನು. ನೀನು ಹೇಳ್ಕೊಡ್ಬೇಡ" ಎಂದವಳೇ ಪಿಕಾಸಿ ಎತ್ತಿ ನಾನೇ ಹಾಕಿದೆ.

ಮೂರನೆಯ ಏಟಿಗೆ ಗಟ್ಟಿ ಮಣ್ಣು ಹೋಳಾಗಿ ಎದ್ದಿತು. ಅದರ ಅಂಚಿನಲ್ಲಿ, ಯಾವುದೋ ಕಾಲದ ಹೆಂಗಸರು ಮತ್ತೆ ಮತ್ತೆ ಸಾರಿಸಿದ ಪದರಗಳು ಒಂದರ ಮೇಲೊಂದು ತೆಳ್ಳಗೆ ಕಾಣುತ್ತಿದ್ದವು. ಓಡಿ ಬಂದ ನಮ್ಮ ಮೇಷ್ಟ್ರು "ಯಾರು ಅಗೆದದ್ದು?" ಎಂದರು. ನಾನು ಬೂಟಿನ ಮಣ್ಣು ಕೊಡವಿಕೊಂಡೆ. ಚೌಡಮ್ಮ ಒಮ್ಮೆ ನನ್ನ ಮುಖ ನೋಡಿ, "ನಾನೇ ಅಯ್ಯಾ, ಗೊತ್ತಾಗ್ಲಿಲ್ಲ" ಎಂದಳು. ಅವಳನ್ನು ಅಗೆಯುವ ಕೆಲಸದಿಂದ ಬಿಡಿಸಿ ಮಣ್ಣು ಹೊರಲು ಹಾಕಿದರು.

ಸಂಜೆ ಬುಟ್ಟಿ ತೊಳೆಯುತ್ತಿದ್ದ ಅವಳನ್ನು, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನಿಮ್ಮ ಸ್ಕಾಲರ್‌ಶಿಪ್ ಹೋಗ್ತಿತ್ತಲ್ಲಮ್ಮ. ನಂದು ಹೋಗೋದು ಎಂತ ಇದೆ?" ಎಂದಳು.

ವಿದ್ಯಾರ್ಥಿವೇತನ ಹೋಗಲಿಲ್ಲ. ಆ ಗುಂಡಿಯ ನಕ್ಷೆ ಬರೆಯುವ ಕೆಲಸವೂ ನನಗೇ ಬಂತು. ಅದರ ಒಂದು ಪ್ರತಿ ಇನ್ನೂ ನನ್ನ ಬಳಿ ಇದೆ. ನೆಲ ಒಡೆದ ಜಾಗಕ್ಕೆ ಬಾಣದ ಗುರುತು ಹಾಕಿ, ಪಕ್ಕದಲ್ಲಿ "ಕೂಲಿಯಾಳಿನ ಅಜಾಗರೂಕತೆಯಿಂದ" ಎಂದು ದುಂಡಗೆ ಬರೆದಿದೆ. ಅಕ್ಷರ ನನ್ನದು.