ಭೋರ್ ತಿರುವು ದಾಟಿ ಹೋಗಿದ್ದೆವು

ಧಾರವಾಡದಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಎಡಕಿಟಕಿಯ ಜಾಗವನ್ನು ಖಾಲಿ ಬಿಟ್ಟಿದ್ದೆ. ಮಗಳು ಅನ್ವಿತಾ, ಮಗ ಓಂಕಾರ ಇಬ್ಬರೂ ಬಲಗಡೆ ಒತ್ತೊತ್ತಾಗಿ ಕೂತು ಕಿತ್ತಾಡುತ್ತಿದ್ದರು. ಹೋಗುವಾಗಲಾದರೂ ಅಲ್ಲಿ ಕೂರುತ್ತೇವೆ ಎಂದರೂ ನಾನು ಬಿಡಲಿಲ್ಲ. ಅದು ಅಜ್ಜಿಯ ಜಾಗ, ಈಗಿನಿಂದಲೇ ರೂಢಿಯಾಗಲಿ ಎಂದೆ. ನಾನು ಗಣಿತದ ಶಿಕ್ಷಕಿ. ಒಮ್ಮೆ ನಿರ್ಧರಿಸಿದ್ದನ್ನು ಮತ್ತೆ ತಿದ್ದುವ ಅಭ್ಯಾಸವಿಲ್ಲ.

ಪುಣೆಯ ಶಿವಾಜಿನಗರದಲ್ಲಿದ್ದ ನನ್ನ ಅವ್ವನನ್ನು ಕರೆತಂದು ನಮ್ಮಲ್ಲೇ ಇಟ್ಟುಕೊಳ್ಳುವುದು ಆ ನಿರ್ಧಾರ. ಅಪ್ಪ ತೀರಿ ಎರಡು ವರ್ಷವಾಗಿತ್ತು. ವಿಜಯಪುರದಿಂದ ಗುಮಾಸ್ತನ ಕೆಲಸಕ್ಕೆಂದು ಪುಣೆಗೆ ಹೋಗಿ ಅಲ್ಲೇ ನಿಂತವರು ಅವರು. ಒಬ್ಬಳೇ ಮಗಳಾದ ನನಗೆ ಅವ್ವ ಅಲ್ಲಿ ಒಂಟಿಯಾಗಿರುವುದು ಸರಿಬರಲಿಲ್ಲ. ಅನ್ವಿತಾಳ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದೆ. ಬೂದಿ ಬಣ್ಣದ ಒಂದು ಇಳಕಲ್ ಸೀರೆ ತಂದಿಟ್ಟೆ. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ. ಕೇಳಿದರೆ ಒಲ್ಲೆ ಅನ್ನುತ್ತಾಳೆ, ಹೋಗಿ ಎದುರಿಗೆ ನಿಂತರೆ ಅನ್ನಲಾರಳು ಎಂಬುದು ನನ್ನ ಲೆಕ್ಕವಾಗಿತ್ತು. ನನ್ನ ಗಂಡ ಮಾತ್ರ ಒಂದು ಮಾತು ಕೇಳಿಬಿಡು ಎಂದು ಎರಡು ಮೂರು ಸಲ ಹೇಳಿ ಸುಮ್ಮನಾಗಿದ್ದರು.

ಬೆಳಗಾವಿ ದಾಟುವ ಹೊತ್ತಿಗೆ ಬಿಸಿಲು ಬಿತ್ತು. ನಿಪ್ಪಾಣಿಯ ಆಚೆ ಒಂದು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದೆವು. ಕೊಲ್ಹಾಪುರದಿಂದ ಮುಂದೆ ರಸ್ತೆ ಅಗಲ ಮಾಡುವ ಕೆಲಸ ನಡೆದು ದಾರಿಯ ತುಂಬ ಡೈವರ್ಷನ್ನುಗಳು. ಟೋಲ್ ಕಟ್ಟುತ್ತ ಧೂಳು ಕುಡಿಯುತ್ತ ಹೋಗುವುದಾಯಿತು. ಸಾತಾರೆಯಲ್ಲಿ ಅವ್ವನಿಗೆಂದು ಕಂದಿ ಪೇಡೆ ಕೊಂಡೆ. ಖಂಬಾಟ್ಕಿಯ ಸುರಂಗ ಬರುವಷ್ಟರಲ್ಲಿ ಓಂಕಾರ ಅರ್ಧ ಡಬ್ಬಿ ಖಾಲಿ ಮಾಡಿದ್ದ.

ಪುಣೆ ಇನ್ನೊಂದು ತಾಸಿನ ದಾರಿ ಇರುವಾಗ ಕಾಪೂರಹೋಳದಲ್ಲಿ ಚಹಾಕ್ಕೆ ನಿಂತೆವು. ಎಡಕ್ಕೆ ಭೋರ್ ಕಡೆ ಹೋಗುವ ದಾರಿ ಅಲ್ಲಿಯೇ ಒಡೆಯುತ್ತದೆ. ಅಲ್ಲಿಂದಲೇ ಅವ್ವನಿಗೆ ಫೋನು ಹಚ್ಚಿ ಮನೆಯಲ್ಲಿದ್ದೀಯೇನು ಎಂದು ಕೇಳಿದೆ. ಮನೆಯಲ್ಲೇ ಇದ್ದೇನೆ, ಅಕ್ಕಿ ಆರಿಸುತ್ತಿದ್ದೇನೆ ಎಂದಳು. ಗದ್ದಲ ಕೇಳುತ್ತದಲ್ಲ, ನೀನೆಲ್ಲಿದ್ದೀ ಎಂದು ಅವಳೂ ಕೇಳಿದಳು. ಸಂತೆಯಲ್ಲಿ ಎಂದು ಸುಳ್ಳು ಹೇಳಿ ಫೋನಿಟ್ಟು, ಮಕ್ಕಳ ಜೊತೆ ಸೇರಿ ನಕ್ಕೆ.

ಪುಣೆಯ ಟ್ರಾಫಿಕ್ಕಿನಲ್ಲಿ ತೆವಳುತ್ತ ಶಿವಾಜಿನಗರ ಮುಟ್ಟಿದಾಗ ಮೂರೂವರೆಯಾಗಿತ್ತು. ಮಕ್ಕಳು ನನಗಿಂತ ಮೊದಲು ಮೆಟ್ಟಿಲು ಹತ್ತಿ ಕರೆಗಂಟೆ ಒತ್ತಿದರು. ಬಾಗಿಲು ತೆರೆದವನು ಅರ್ಧ ಚಡ್ಡಿ ಹಾಕಿಕೊಂಡ, ಕೊರಳಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹುಡುಗ. ಮರಾಠಿಯಲ್ಲಿ ಅವ್ವನ ಹೆಸರು ಹೇಳಿ ಕೇಳಿದೆ. ಮಕ್ಕಳು ಕನ್ನಡದಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಅವನೂ ಕನ್ನಡಕ್ಕಿಳಿದ. ಬೆಂಗಳೂರಿನ ಕಡೆಯವನು, ಇಲ್ಲಿ ಐಟಿ ಕಂಪನಿಯಲ್ಲಿದ್ದಾನೆ, ಮನೆ ಬಾಡಿಗೆಗೆ ಹಿಡಿದಿದ್ದಾನೆ.

"ಆಂಟೀನಾ? ಅವ್ರು ಭೋರ್‌ಗೆ ಶಿಫ್ಟ್ ಆದ್ರಲ್ಲ ಮೇಡಂ, ಮದುವೆ ಆದ್ಮೇಲೆ."

"ಯಾರ ಮದುವಿ?" ಎಂದೆ.

"ಅವ್ರದೇ. ನಿಮ್ಗೆ... ಗೊತ್ತಿಲ್ವಾ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಹುಡುಗ ಗಾಬರಿಯಾಗಿ ನೀರು ತಂದುಕೊಟ್ಟ. ಅರವತ್ತಾರು ವರ್ಷದ, ಏಕಾದಶಿ ಬಿಡದ ನನ್ನ ಅವ್ವ ಮದುವೆಯಾಗಿದ್ದಾಳೆ. ಬಾಡಿಗೆಯವನಿಗೆ ಗೊತ್ತು, ಹೆತ್ತ ಮಗಳಿಗೆ ಗೊತ್ತಿಲ್ಲ. ನನ್ನ ಗಂಡ ಭೋರಿನ ವಿಳಾಸ ಬರೆದುಕೊಂಡು, ನಗಬೇಕೋ ಬೇಡವೋ ತಿಳಿಯದೆ ಕನ್ನಡಕ ಒರೆಸುತ್ತ ನಿಂತಿದ್ದರು. ಅಜ್ಜಿ ತನ್ನ ಮದುವೆಗೆ ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಅನ್ವಿತಾ ಅಳುವ ದನಿಯಲ್ಲಿ ಕೇಳಿದಳು. ಅವಳ ಸಿಟ್ಟೆಲ್ಲ ಹೊಸ ಪರಕಾರ ಲಂಗ ತಪ್ಪಿತಲ್ಲ ಎಂಬುದಕ್ಕೆ.

ಬಂದ ದಾರಿಯಲ್ಲೇ ತಿರುಗಿದೆವು. ಕಾತ್ರಜ್ ದಾಟಿದೆವು. ದಿನಾಲೂ ಮುಂಜಾನೆ ಫೋನು ಮಾಡಿದಾಗ ಮನೆಯಲ್ಲಿದ್ದೀಯೇನು ಎಂದು ನಾನು ಕೇಳುತ್ತಿದ್ದೆ, ಇದ್ದೇನೆ ಎಂದು ಅವಳು ಹೇಳುತ್ತಿದ್ದಳು. ಒಂದು ಸುಳ್ಳನ್ನೂ ಹೇಳಿರಲಿಲ್ಲ. ಇದು ನೆನಪಾಗಿ ಮೈಯೆಲ್ಲ ಉರಿಯಿತು. ಕಾಪೂರಹೋಳದಲ್ಲಿ ಕಾರು ಬಲಕ್ಕೆ ಹೊರಳಿತು. ಮಧ್ಯಾಹ್ನ ನಾನು ನಗುತ್ತ ಚಹಾ ಕುಡಿದ ಅಂಗಡಿಯಿಂದ ಅವ್ವನ ಮನೆ ಅರ್ಧ ತಾಸಿನ ದಾರಿಯೂ ಇರಲಿಲ್ಲ.

ಭೋರ್ ಪೇಟೆಯ ಹಿಂದಿನ ಓಣಿಯಲ್ಲಿ ಹೆಂಚಿನ ಮನೆ. ಅಂಗಳದಲ್ಲಿ ಅವ್ವ ತುಳಸಿಗೆ ನೀರು ಹಾಕುತ್ತಿದ್ದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ. ಅವಳು ತಿರುಗಿ ನಮ್ಮನ್ನು ಕಂಡಳು. ತಂಬಿಗೆ ಅವಳ ಕೈಯಿಂದ ಜಾರಿತು. ಅಷ್ಟರಲ್ಲಿ ಒಳಗಿನಿಂದ ಬಂದವರನ್ನು ನೋಡಿ ಮತ್ತೊಮ್ಮೆ ದಂಗಾದೆ. ವಸಂತ ಕಾಕಾ! ಅಪ್ಪನ ಆಫೀಸಿನಲ್ಲಿ ಪಕ್ಕದ ಮೇಜಿನವರು. ಚಿಕ್ಕಂದಿನಲ್ಲಿ ಪ್ರತಿ ದೀಪಾವಳಿಗೆ ಅವರು ತಂದ ಪಟಾಕಿಯನ್ನೇ ನಾನು ಹಾರಿಸುತ್ತಿದ್ದುದು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ಬರ್ರಿ, ಬರ್ರಿ," ಎಂದರು, ಅವ್ವ ಕಲಿಸಿದ ಕನ್ನಡದಲ್ಲಿ. ಆಮೇಲೆ ಮರಾಠಿಯಲ್ಲಿ ಚಹಾ ಇಡುತ್ತೇನೆಂದು ಒಳಗೆ ಹೋದರು.

ಓಂಕಾರ ಅವರ ಹಿಂದೆಯೇ ಹೋಗಿ, ನಿಮ್ಮನ್ನು ಅಜ್ಜ ಅನ್ನಬೇಕೇನು ಎಂದು ನೇರವಾಗಿ ಕೇಳಿಬಿಟ್ಟ. ಒಳಗೆ ಚಹಾದ ಬಸಿ ಒಡೆದ ಸಪ್ಪಳವಾಯಿತು.

ನಾನು ಅವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಯಿಗೆ ಬಂದಂತೆ ಅಂದೆ. ಜನ ಏನಂದಾರು, ಅಪ್ಪನ ಗೆಳೆಯನೇ ಆಗಬೇಕಿತ್ತೇನು, ನನಗೊಂದು ಮಾತು ಹೇಳಬಾರದಿತ್ತೇನು ಎಂದೆಲ್ಲ. ಅವಳು ಬಿದ್ದಿದ್ದ ಎಲೆ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೋದ ಮಳೆಗಾಲದಲ್ಲಿ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದ್ದನ್ನು ಹೇಳಿದಳು. ಆಮೇಲೆ ಸೆಟೆದು ನಿಂತಳು.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ ಸುಮಿ. ನೀ ಬ್ಯಾಡ ಅಂದಿದ್ರ ನಾ ಆಗ್ತಿದ್ದಿಲ್ಲ. ಅದಕ್ಕ ಕೇಳಲಿಲ್ಲ."

ಎಡಕಿಟಕಿಯ ಆ ಖಾಲಿ ಸೀಟು ನನ್ನ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಕೆಮ್ಮಿದರು. ಆ ಕೆಮ್ಮು ನೆಗಡಿಯದಲ್ಲ ಎಂದು ನನಗೆ ಗೊತ್ತಿತ್ತು. ಧಾರವಾಡಕ್ಕೆ ಕರೆದೊಯ್ಯಲು ಬಂದಿದ್ದೆ ಎಂದು ಹೇಳಿದೆ, ಅಷ್ಟು ಹೇಳುವಷ್ಟರಲ್ಲಿ ಅತ್ತೆ.

"ಬರ್ತೀನಿ. ಸಾಲಿ ಸೂಟಿಗೆ ಬರ್ತೀನಿ, ಇಬ್ರೂ ಬರ್ತೀವಿ," ಎಂದಳು ಅವ್ವ. "ಇರಾಕ ಅಲ್ಲ."

ಅನ್ವಿತಾ ಚೀಲದಿಂದ ಬೂದಿ ಬಣ್ಣದ ಸೀರೆ ತೆಗೆದು ಅಜ್ಜಿಯ ಕೈಗಿಟ್ಟಳು. ತಡೆಯಲು ನನಗೆ ಹೊತ್ತೇ ಸಿಗಲಿಲ್ಲ. ಅವ್ವ ಅದನ್ನು ತೊಡೆಯ ಮೇಲೆ ಬಿಡಿಸಿ, ನೇಯ್ಗೆ ಭಾಳ ಛಲೋ ಅದ ಎಂದು ಮಡಿಚಿಟ್ಟಳು. ರಾತ್ರಿ ಊಟಕ್ಕೆ ಭೋರಿನ ಘಮಘಮ ಆಂಬೆಮೋಹರ್ ಅನ್ನ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಸಿಟ್ಟಿನಲ್ಲಿಯೂ ಎರಡು ಸಲ ಬಡಿಸಿಕೊಂಡೆ. ಅಜ್ಜ ಅಂದರೆ ಅಜ್ಜನೇ ಎಂದು ಮಕ್ಕಳು ಊಟ ಮುಗಿಯುವುದರೊಳಗೆ ಇತ್ಯರ್ಥ ಮಾಡಿಕೊಂಡಿದ್ದರು. ನನ್ನ ಬಾಯಲ್ಲಿ ಕಾಕಾ ಎಂಬುದೇ ಉಳಿಯಿತು.

ಮರುದಿನ ಊಟ ಮುಗಿಸಿ ಹೊರಟೆವು. ನಮ್ಮ ಕಡೆ ತವರಿಗೆ ಬಂದ ಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಸೆರಗಿನಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಖಣ, ಅರಿಷಿಣದ ಬೇರು ಹಾಕಿ ಕಳಿಸಬೇಕು. ತುಂಬುವವಳು ಮುತ್ತೈದೆಯಾಗಿರಬೇಕು. ಅಪ್ಪ ಹೋದಮೇಲೆ ನಾನು ಪುಣೆಯಿಂದ ಹೊರಟಾಗಲೆಲ್ಲ ಅವ್ವ ಎದುರು ಮನೆಯವರನ್ನು ಕರೆದು ಉಡಿ ತುಂಬಿಸುತ್ತಿದ್ದಳು. ತಾನು ಅಡುಗೆಮನೆಯ ಬಾಗಿಲ ಹಿಂದೆ ಮರೆಯಾಗಿ ನಿಂತು, ಇನ್ನೊಂದು ಬೊಗಸೆ ಹಾಕ್ರಿ ಎನ್ನುತ್ತಿದ್ದಳು. ಆ ದನಿ ಕೇಳಿದಾಗಲೆಲ್ಲ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಕಣ್ಣೊರೆಸಿಕೊಳ್ಳುತ್ತಿದ್ದೆ.

ಈಗಲೂ ಮೊರದಲ್ಲಿ ಅಕ್ಕಿ, ಕಾಯಿ, ಖಣ ಎಲ್ಲ ಜೋಡಿಸಿಟ್ಟಿದ್ದಳು. ಅದನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದಳು. ನೋಡಿ ಮೊರವನ್ನು ಮತ್ತೆ ಕೆಳಗಿಟ್ಟಳು.

"ನಿಂದ್ರು ಸುಮಿ, ಬಾಜೂ ಮನಿಯವ್ರನ್ನ ಕರೀತೀನಿ," ಎಂದು ಬಾಗಿಲ ಕಡೆ ತಿರುಗಿದಳು. ಬಳೆ ತುಂಬಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ಪ್ರಯಾಣಕ್ಕೆಂದು ಚೂಡಿದಾರ ಹಾಕಿದ್ದೆ, ಸೆರಗಿರಲಿಲ್ಲ. ಓಢಣಿಯನ್ನೇ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಅಡ್ಡ ನಿಂತೆ.

"ಅವರ್‍ಯಾಕ ಬೇಕವ್ವ? ನೀನ ತುಂಬು."

ಅವ್ವ ಮೊರವನ್ನು ಮತ್ತೆ ಎತ್ತಿಕೊಂಡಳು. ಐದು ಬೊಗಸೆ ಹಾಕಿದಳು, ಅಷ್ಟಕ್ಕೆ ನಿಲ್ಲದೆ ಇನ್ನೊಂದು ಹಾಕಿದಳು. ನನ್ನ ಹಣೆಗೆ ಕುಂಕುಮ ಹಚ್ಚಿ ಕೈಯಲ್ಲಿ ಅದರ ಕರಡಿಗೆ ಹಿಡಿದು ಹಾಗೆಯೇ ನಿಂತಳು. ನಾನೂ ಒಂದು ಬೆರಳಲ್ಲಿ ಕುಂಕುಮ ತೆಗೆದುಕೊಂಡು ಅವಳ ಹಣೆಗೆ ಹಚ್ಚಿದೆ. ವಸಂತ ಕಾಕಾ ಆಚೆ ಮುಖ ತಿರುಗಿಸಿ ಕಾರಿನ ಗಾಜು ಒರೆಸತೊಡಗಿದರು.

ಕಾಪೂರಹೋಳದಲ್ಲಿ ಚಹಾಕ್ಕೆ ಇಳಿಯಲು ನನ್ನ ಗಂಡ ಕರೆದರು. ಇಳಿದರೆ ಉಡಿಯ ಅಕ್ಕಿ ಚೆಲ್ಲುತ್ತದೆ ಎಂದು ನಾನು ಕೂತಲ್ಲೇ ಚಹಾ ತರಿಸಿಕೊಂಡೆ. ಕಿಟಕಿಯ ಜಾಗಕ್ಕಾಗಿ ಹಿಂದೆ ಜಗಳ ಶುರುವಾಗಿತ್ತು. ಸರದಿಯ ಮೇಲೆ ಕೂತುಕೊಳ್ಳಿರಿ ಎಂದೆ. ಅಷ್ಟರಲ್ಲಿ ಅವ್ವನ ಫೋನು ಬಂತು. ಎಲ್ಲಿದ್ದೀ ಎಂದು ಕೇಳಿದಳು. ಈ ಸಲ ನಿಜ ಹೇಳಿದೆ.

"ನಿನ್ನ ಮನಿ ತಿರುವಿನ್ಯಾಗ ಅದೀನಿ ಅವ್ವ."